ಕಾಣದಿದ್ದರೂ ಇದೆ: ಮಕ್ಕಳೊಂದಿಗೆ ಮನೆಯಲ್ಲೇ ಮಾಡುವ ಏಳು ಪ್ರಯೋಗಗಳು

ಖಾಲಿ ಲೋಟವೊಂದನ್ನು ಮೂರನೇ ತರಗತಿಯ ಮಗುವಿನ ಮುಂದಿಟ್ಟು, "ಇದರಲ್ಲಿ ಏನಿದೆ?" ಎಂದು ಕೇಳಿ ನೋಡಿ. "ಏನೂ ಇಲ್ಲ" ಎನ್ನುತ್ತದೆ. ಆಟ ಮುಗಿಸಿ ಬಂದ ಅದೇ ಮಗು ಎರಡೂ ಅಂಗೈ ಚಾಚಿ, "ನೋಡಿ ಅಮ್ಮಿ, ಕೊಳೆಯೇ ಇಲ್ಲ" ಎನ್ನುತ್ತದೆ. ತಿಳಿಯಾಗಿ ಕಂಡ ನೀರನ್ನು ಯಾವ ನಲ್ಲಿಯದಾದರೂ ಕುಡಿದುಬಿಡುತ್ತದೆ. ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಎಂಬ ನಂಬಿಕೆಯೇ ಈ ಮೂರಕ್ಕೂ ಮೂಲ. ಭೇದಿ, ಹೊಟ್ಟೆಹುಳು, ಬಿಡದ ಕೆಮ್ಮು ಮನೆಯೊಳಗೆ ಬರುವುದು ಹೆಚ್ಚಾಗಿ ಈ ದಾರಿಯಲ್ಲೇ.

"ಕೈ ತೊಳೆ" ಎಂದು ದಿನಕ್ಕೆ ಹತ್ತು ಸಲ ಹೇಳಿದರೂ ಮಗು ಮರೆಯುತ್ತದೆ. ಕಾರಣವನ್ನು ತಾನೇ ಕಂಡುಕೊಂಡರೆ ಮರೆಯುವುದಿಲ್ಲ. ಮಾಡಿ ಕಲಿಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಇಂದು ರಾಜ್ಯದ ಸರಕಾರಿ ಶಾಲೆಗಳಲ್ಲಿರುವ ನಲಿ-ಕಲಿ ಪದ್ಧತಿ 1995ರಲ್ಲಿ ಶುರುವಾದದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲೇ. ಅದೇ ರೀತಿಯಲ್ಲಿ ಅಡುಗೆಮನೆಯ ಸಾಮಾನಿನಿಂದ ಮಾಡಬಹುದಾದ ಏಳು ಪ್ರಯೋಗಗಳು ಇಲ್ಲಿವೆ. ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಇವು ಹೊಂದುತ್ತವೆ.

ಶಾಲೆಯ ಪುಸ್ತಕದಲ್ಲಿ 'ದ್ರವ್ಯ' ಎಂಬ ಪದ ಬರುತ್ತದೆ. ಜಾಗ ಹಿಡಿಯುವ, ತೂಕವಿರುವ ಎಲ್ಲವೂ ದ್ರವ್ಯ. ಕಲ್ಲು, ಸಕ್ಕರೆ ಘನ. ನೀರು, ಎಣ್ಣೆ ದ್ರವ. ಗಾಳಿ, ಹಬೆ, ಸಿಲಿಂಡರಿನ ಗ್ಯಾಸು ಅನಿಲ. ಇವೆಲ್ಲವೂ ಅತಿ ಸಣ್ಣ ಕಣಗಳಿಂದ ಆಗಿವೆ. ಆರಂಭಕ್ಕೆ ಇಷ್ಟು ತಿಳಿದರೆ ಸಾಕು.

ಮೊದಲು ಮೂರು ನಿಯಮ

ಒಂದು: ಒಲೆ, ಬೆಂಕಿಕಡ್ಡಿ, ಬಿಸಿನೀರು ದೊಡ್ಡವರ ಕೈಯಲ್ಲೇ ಇರಲಿ. ಎರಡು: ದೊಡ್ಡವರು ಹೇಳದೆ ಯಾವುದನ್ನೂ ಬಾಯಿಗೆ ಹಾಕಬಾರದು. ಮೂರು: ಶೌಚಾಲಯ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಪ್ರಯೋಗಕ್ಕೂ ಮುಟ್ಟಬಾರದು, ಕೆಲಸಕ್ಕೂ ಬೆರೆಸಬಾರದು. ಎರಡೂ ಸೇರಿದರೆ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಹೊರಡುತ್ತದೆ.

ಪ್ರತಿ ಪ್ರಯೋಗಕ್ಕೂ ಮುನ್ನ "ಏನಾಗಬಹುದು?" ಎಂದು ಕೇಳಿ. ಮಗು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಊಹೆ ತಪ್ಪಾದರೆ ನಗಬೇಡಿ. ತಪ್ಪಿದ ಊಹೆಯೇ ಹೆಚ್ಚು ಕಲಿಸುತ್ತದೆ.

1. ಒದ್ದೆಯಾಗದ ಕಾಗದ

ಬೇಕಾದವು: ಗಾಜಿನ ಲೋಟ, ಹಳೆಯ ಪತ್ರಿಕೆಯ ತುಂಡು, ಅರ್ಧ ಬಕೆಟ್ ನೀರು.

ಕಾಗದವನ್ನು ಉಂಡೆ ಮಾಡಿ ಲೋಟದ ತಳಕ್ಕೆ ಬಿಗಿಯಾಗಿ ಒತ್ತಿ, ತಲೆಕೆಳಗು ಮಾಡಿದರೂ ಬೀಳಬಾರದು. ಈಗ ಲೋಟವನ್ನು ಬೋರಲಾಗಿ ಹಿಡಿದು, ಸ್ವಲ್ಪವೂ ವಾಲಿಸದೆ ನೇರವಾಗಿ ನೀರಿನಲ್ಲಿ ಮುಳುಗಿಸಿ, ಹಾಗೆಯೇ ನೇರವಾಗಿ ಮೇಲೆತ್ತಿ. ಕಾಗದ ಒಣಗಿಯೇ ಇರುತ್ತದೆ. ಎರಡನೇ ಸಲ ಮುಳುಗಿಸಿದಾಗ ಲೋಟವನ್ನು ವಾಲಿಸಿ. ಗುಳುಗುಳು ಎಂದು ಗುಳ್ಳೆಗಳು ಏಳುತ್ತವೆ, ಕಾಗದ ಒದ್ದೆಯಾಗುತ್ತದೆ.

ಲೋಟದೊಳಗೆ ಗಾಳಿ ಇತ್ತು. ಅದು ಜಾಗ ಹಿಡಿದಿದ್ದರಿಂದ ನೀರಿಗೆ ಒಳಗೆ ಜಾಗ ಸಿಗಲಿಲ್ಲ. ವಾಲಿಸಿದಾಗ ಗಾಳಿ ಗುಳ್ಳೆಯಾಗಿ ಹೊರಬಂತು, ಆ ಜಾಗಕ್ಕೆ ನೀರು ನುಗ್ಗಿತು. ಉಳಿದ ಆರು ಪ್ರಯೋಗಗಳಿಗೂ ಇದೇ ಅಡಿಪಾಯ: ಗಾಳಿ ಕಾಣುವುದಿಲ್ಲ, ಆದರೆ ಇದೆ.

2. ಗಾಳಿಯಲ್ಲಿ ತೇಲುವುದು ಏನು?

ಬೇಕಾದವು: ಬಿಳಿ ರಟ್ಟಿನ ಮೂರು ತುಂಡುಗಳು, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್, ದಾರ.

ರಟ್ಟುಗಳಿಗೆ ತೆಳುವಾಗಿ ವ್ಯಾಸಲಿನ್ ಸವರಿ. ಒಂದನ್ನು ಮಲಗುವ ಕೋಣೆಯಲ್ಲಿ, ಒಂದನ್ನು ಅಡುಗೆಮನೆಯಲ್ಲಿ, ಇನ್ನೊಂದನ್ನು ರಸ್ತೆ ಕಡೆಯ ಕಿಟಕಿಯ ಬಳಿ ತೂಗುಹಾಕಿ. ಯಾವುದು ಎಲ್ಲಿಯದೆಂದು ಹಿಂಬದಿಯಲ್ಲಿ ಬರೆಯಿರಿ. ಮರುದಿನ ಅದೇ ಹೊತ್ತಿಗೆ ಮೂರನ್ನೂ ತೆಗೆದು ಬೆಳಕಿನಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಿ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು.

ಜಿಡ್ಡಿಗೆ ಅಂಟಿದ ಧೂಳು, ಮಸಿ, ನೂಲಿನ ಎಳೆಗಳು ಕಾಣುತ್ತವೆ. ಇವು ಗಾಳಿಯಲ್ಲಿ ತೇಲುವ ಘನ ಕಣಗಳು. ಮೂಗು, ಗಂಟಲು, ಶ್ವಾಸಕೋಶದ ಒಳಗೋಡೆಯೂ ಈ ರಟ್ಟಿನಂತೆ ಹಸಿ. ಅಲ್ಲಿಗೂ ಇವು ಹೀಗೆಯೇ ಅಂಟುತ್ತವೆ.

ಮೈಸೂರಿನ ಕುಟುಂಬಗಳು ಈ ಪ್ರಯೋಗವನ್ನು ಇನ್ನೊಂದು ಕಾರಣಕ್ಕೂ ಮಾಡಬೇಕು. ನಮ್ಮ ಮೊಹಲ್ಲಾಗಳ ಎಷ್ಟೋ ಮನೆಗಳಲ್ಲಿ ಹೆಂಗಸರು ಊದುಬತ್ತಿ ಹೊಸೆಯುತ್ತಾರೆ, ಬೀಡಿ ಸುತ್ತುತ್ತಾರೆ. ಸಂಸಾರ ನಡೆಸುವ ಗೌರವದ ದುಡಿಮೆ ಅದು. ಆ ಕೆಲಸ ನಡೆಯುವ ಕೋಣೆಯಲ್ಲಿ ನಾಲ್ಕನೆಯ ರಟ್ಟೊಂದನ್ನು ತೂಗುಹಾಕಿ ನೋಡಿ. ಇದ್ದಿಲ ಪುಡಿ, ಹೊಗೆಸೊಪ್ಪಿನ ಪುಡಿ ರಟ್ಟಿನ ಮೇಲೆ ಕುಳಿತಿರುವುದನ್ನು ಕಂಡಾಗ ಯಾರೂ ಬೇರೆ ಹೇಳಬೇಕಾಗುವುದಿಲ್ಲ. ಕೆಲಸವನ್ನು ಕಿಟಕಿಯ ಬಳಿ ಅಥವಾ ಜಗುಲಿಯಲ್ಲಿ ಇಟ್ಟುಕೊಳ್ಳಿ. ಮೂಗು-ಬಾಯಿಗೆ ಬಟ್ಟೆ ಕಟ್ಟಿ. ಕೂಸಿನ ತೊಟ್ಟಿಲು, ಹಾಸಿಗೆ, ತೆರೆದ ಊಟದ ಪಾತ್ರೆ ಆ ಕೋಣೆಯಲ್ಲಿ ಬೇಡ. ಕಸವನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಹೊಗೆಸೊಪ್ಪಿನ ನಿಕೊಟಿನ್ ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಆದ್ದರಿಂದ ಮಕ್ಕಳನ್ನು ಆ ಕೆಲಸಕ್ಕೆ ಕೂರಿಸಬೇಡಿ, ಕೂಸನ್ನು ಎತ್ತಿಕೊಳ್ಳುವ ಮುನ್ನ ಸಾಬೂನಿನಿಂದ ಕೈ ತೊಳೆಯಿರಿ.

3. ಅತ್ತರಿನ ಓಟ, ಸುರಿಯುವ ಗಾಳಿ

ಈ ಪ್ರಯೋಗಕ್ಕೆ ಎರಡು ಭಾಗ.

ಮೊದಲ ಭಾಗಕ್ಕೆ ಫ್ಯಾನ್ ಆರಿಸಿ. ಮಕ್ಕಳನ್ನು ಕೋಣೆಯಲ್ಲಿ ಹತ್ತಿರ, ನಡುವೆ, ದೂರ ಎಂದು ಸಾಲಾಗಿ ನಿಲ್ಲಿಸಿ, ಕಣ್ಣು ಮುಚ್ಚಿಸಿ. ಒಂದು ಮೂಲೆಯಲ್ಲಿ ಹತ್ತಿಗೆ ಎರಡು ತೊಟ್ಟು ಅತ್ತರ್ ಹಾಕಿ ಹಿಡಿಯಿರಿ. ಪರಿಮಳ ಬಂದವರು ಕೈ ಎತ್ತಬೇಕು. ಹತ್ತಿರದವರ ಕೈ ಮೊದಲು, ದೂರದವರದು ಕೊನೆಗೆ ಏಳುತ್ತದೆ. ಅತ್ತರಿನ ಕಣಗಳು ದ್ರವದಿಂದ ಬಿಡಿಸಿಕೊಂಡು ಗಾಳಿಯ ಕಣಗಳ ನಡುವೆ ನುಸುಳುತ್ತಾ ಹರಡಿದ್ದನ್ನು ಮೂಗು ಕಂಡುಹಿಡಿಯಿತು.

ಎರಡನೇ ಭಾಗಕ್ಕೆ ದೊಡ್ಡವರು ಬೇಕು. ಎತ್ತರದ ಜಗ್ಗಿನಲ್ಲಿ ಎರಡು ಚಮಚ ಅಡುಗೆ ಸೋಡಾ ಹಾಕಿ, ಮೂರು ನಿಂಬೆಹಣ್ಣಿನ ರಸ ಅಥವಾ ಅರ್ಧ ಲೋಟ ವಿನೆಗರ್ ಸುರಿಯಿರಿ. ನೊರೆ ಉಕ್ಕಿ ಇಳಿಯಲಿ. ಬಟ್ಟಲಿನಲ್ಲಿ ಚಿಕ್ಕ ಮೇಣದಬತ್ತಿ ಹಚ್ಚಿಡಿ. ಜಗ್ಗನ್ನು ಬತ್ತಿಯ ಮೇಲೆ ನಿಧಾನವಾಗಿ ವಾಲಿಸಿ, ಒಳಗಿನ ದ್ರವ ಬೀಳಬಾರದು. ಏನೂ ಬಿದ್ದಂತೆ ಕಾಣದಿದ್ದರೂ ದೀಪ ಆರಿಹೋಗುತ್ತದೆ. ಸೋಡಾ ಮತ್ತು ಹುಳಿ ಸೇರಿ ಇಂಗಾಲದ ಡೈಆಕ್ಸೈಡ್ ಎಂಬ ಹೊಸ ಅನಿಲ ಹುಟ್ಟಿತು. ಅದು ಗಾಳಿಗಿಂತ ಭಾರ. ಅದಕ್ಕೇ ನೀರಿನಂತೆ ಕೆಳಗೆ ಸುರಿಯಿತು.

ಅಡುಗೆಮನೆಯ ಸಿಲಿಂಡರ್ ಗ್ಯಾಸು ಕೂಡ ಗಾಳಿಗಿಂತ ಭಾರ. ಸೋರಿದರೆ ಅದು ಹೀಗೆಯೇ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಒಂದು ವ್ಯತ್ಯಾಸವನ್ನು ಮಕ್ಕಳಿಗೆ ಒತ್ತಿ ಹೇಳಿ: ನಮ್ಮ ಜಗ್ಗಿನ ಅನಿಲ ಬೆಂಕಿ ಆರಿಸಿತು, ಸಿಲಿಂಡರಿನ ಅನಿಲ ಒಂದು ಕಿಡಿಗೆ ಭಗ್ಗೆಂದು ಹತ್ತಿಕೊಳ್ಳುತ್ತದೆ. ಅದಕ್ಕೆ ಸ್ವಂತ ವಾಸನೆ ಹೆಚ್ಚಿಲ್ಲ. ಸೋರಿದ್ದು ಮೂಗಿಗೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಆ ವಾಸನೆ ಬಂದರೆ ಲೈಟಿನ ಸ್ವಿಚ್ ಹಾಕಲೂಬಾರದು, ಆರಿಸಲೂಬಾರದು. ಮಕ್ಕಳು ದೊಡ್ಡವರನ್ನು ಕೂಗಿ ಹೊರಗೆ ಓಡಬೇಕು. ದೊಡ್ಡವರು ಉರಿಯುವ ದೀಪ, ಊದುಬತ್ತಿ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಕರೆ ಮಾಡಬೇಕು. ಈ ನಂಬರನ್ನು ಅಡುಗೆಮನೆಯ ಹೊರಬಾಗಿಲ ಮೇಲೆ ಮಗುವಿನ ಕೈಯಲ್ಲೇ ಬರೆಸಿ ಅಂಟಿಸಿ.

4. ಉಪ್ಪು ಎಲ್ಲಿ ಹೋಯಿತು?

ಬೇಕಾದವು: ಕಾಯಿಸಿ ಆರಿಸಿದ ಒಂದು ಲೋಟ ನೀರು, ಎರಡು ಚಮಚ ಉಪ್ಪು, ಶುದ್ಧ ಬಟ್ಟೆ, ತಟ್ಟೆ.

ಉಪ್ಪನ್ನು ನೀರಿಗೆ ಹಾಕಿ ಕಲಕಿ. ಕ್ಷಣದಲ್ಲಿ ಮಾಯ. ನೀರನ್ನು ಬಟ್ಟೆಯಲ್ಲಿ ಸೋಸಿ. ಬಟ್ಟೆಯ ಮೇಲೆ ಏನೂ ಉಳಿಯುವುದಿಲ್ಲ. ಬೆರಳು ಅದ್ದಿ ರುಚಿ ನೋಡಲಿ: ಉಪ್ಪು ಅಲ್ಲೇ ಇದೆ. ಮನೆಯಲ್ಲಿ ತೂಕದ ಯಂತ್ರವಿದ್ದರೆ 200 ಗ್ರಾಂ ನೀರಿಗೆ 10 ಗ್ರಾಂ ಉಪ್ಪು ಹಾಕಿ ತೂಗಿ, ಪಾತ್ರೆಯ ತೂಕ ಕಳೆದರೆ 210 ಗ್ರಾಂ ಬರುತ್ತದೆ. ಸ್ವಲ್ಪ ನೀರನ್ನು ತಟ್ಟೆಗೆ ಹಾಕಿ ತಾರಸಿಯ ಬಿಸಿಲಿಗಿಡಿ. ನೀರು ಆವಿಯಾಗಿ, ಬಿಳಿ ಹರಳುಗಳು ಮರಳಿ ಬರುತ್ತವೆ.

ಉಳಿದ ಉಪ್ಪುನೀರನ್ನು ದೊಡ್ಡವರು ಪಾತ್ರೆಯಲ್ಲಿ ಕುದಿಸಿ, ಮುಚ್ಚಳದ ಒಳಬದಿಯ ಹನಿಗಳನ್ನು ಚಮಚಕ್ಕೆ ಇಳಿಸಿ, ಆರಿದ ಮೇಲೆ ಮಗುವಿಗೆ ಕೊಡಲಿ. ಅದರಲ್ಲಿ ಉಪ್ಪಿನ ರುಚಿ ಇರುವುದಿಲ್ಲ. ನೀರು ಆವಿಯಾಗಿ ಮೇಲೇರಿ ತಣಿದು ಮತ್ತೆ ನೀರಾಯಿತು, ಉಪ್ಪು ಕೆಳಗೇ ಉಳಿಯಿತು. ಇದನ್ನು ಬಟ್ಟಿ ಇಳಿಸುವುದು ಎನ್ನುತ್ತಾರೆ. 9ನೇ ಶತಮಾನದ ವಿದ್ವಾಂಸ ಅಲ್ ಕಿಂದಿ ಸುಗಂಧಗಳನ್ನು ಬಟ್ಟಿ ಇಳಿಸುವ ಬಗ್ಗೆ ಗ್ರಂಥವನ್ನೇ ಬರೆದಿದ್ದಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಶುರುವಾದ ನಮ್ಮ ಮೈಸೂರಿನ ಶ್ರೀಗಂಧದ ಎಣ್ಣೆ ಕಾರ್ಖಾನೆ ಗಂಧದ ಪುಡಿಗೆ ಹಬೆ ಹಾಯಿಸಿ ಎಣ್ಣೆ ತೆಗೆದದ್ದೂ ಇದೇ ತತ್ತ್ವದಿಂದ.

ಮನೆಗೆ ಪಾಠ: ತಿಳಿಯಾದ ನೀರಿನಲ್ಲೂ ಬೇರೆ ವಸ್ತುಗಳು ಕರಗಿರಬಹುದು. ಕೊಳವೆ ಬಾವಿಯ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪೊರೆ ಅದರದೇ ಗುರುತು. ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ಫ್ಲೋರೈಡಿನಂಥ ಕರಗಿದ ವಸ್ತು ಹೋಗುವುದಿಲ್ಲ. ಕೊಳವೆ ಬಾವಿಯ ನೀರನ್ನೇ ಕುಡಿಯುವ ಮನೆಯವರು ಅದನ್ನು ಒಮ್ಮೆ ಪರೀಕ್ಷೆಗೆ ಕೊಡುವುದು ಒಳ್ಳೆಯದು.

5. ಕೆಸರು ನೀರಿನ ಮೂರು ಲೋಟ

ಒಂದು ಚೊಂಬು ನೀರಿಗೆ ಒಂದು ಹಿಡಿ ಮಣ್ಣು ಕಲಸಿ ಮೂರು ಲೋಟಗಳಿಗೆ ಹಂಚಿ. ಮೊದಲನೆಯದನ್ನು ಅಲುಗಾಡಿಸದೆ ಇಡಿ. ಎರಡನೆಯದನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ. ಮೂರನೆಯದರಲ್ಲಿ ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಪಟಿಕದ ತುಂಡನ್ನು ಹತ್ತು ಸುತ್ತು ಆಡಿಸಿ ಇಡಿ. ಅರ್ಧ ಗಂಟೆಯ ನಂತರ ನೋಡಿದರೆ ಸಾಮಾನ್ಯವಾಗಿ ಪಟಿಕದ ಲೋಟವೇ ಹೆಚ್ಚು ತಿಳಿಯಾಗಿರುತ್ತದೆ. ಪಟಿಕ ಸಣ್ಣ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಅವು ಭಾರವಾಗಿ ತಳಕ್ಕಿಳಿಯುತ್ತವೆ.

ಈಗ ಕೇಳಿ: "ಇದನ್ನು ಕುಡಿಯಬಹುದೇ?" ಇಲ್ಲ. ಉಪ್ಪಿನಂತೆ ರೋಗಾಣುವೂ ಬಟ್ಟೆಯ ಎಳೆಗಳ ನಡುವೆ ನುಸುಳಿಬಿಡುತ್ತದೆ. ಮೈಸೂರಿಗೆ ಬರುವ ಕಾವೇರಿ, ಕಬಿನಿ ನೀರನ್ನು ಶುದ್ಧೀಕರಣ ಘಟಕಗಳಲ್ಲಿ ಹೀಗೆ ತಿಳಿಗೊಳಿಸಿ, ಸೋಸಿ, ಕೊನೆಗೆ ಕ್ಲೋರಿನ್ ಬೆರೆಸಿ ಬಿಡುತ್ತಾರೆ. ಆದರೆ ಒಡೆದ ಪೈಪು, ಮುಚ್ಚಳವಿಲ್ಲದ ಸಂಪು, ತಿಂಗಳುಗಟ್ಟಲೆ ತೊಳೆಯದ ಟ್ಯಾಂಕು ದಾರಿಯಲ್ಲಿ ಮತ್ತೆ ಕೊಳಕು ಸೇರಿಸಬಹುದು.

ಕುಡಿಯುವ ನೀರು ಗಳಗಳನೆ ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಯಲಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಇಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೋಗಾಣು ಸಾಯಲು ಅಷ್ಟು ಸಾಕು. ಬಿಸಿಯಾಯಿತೆಂದು ಕುದಿ ಬರುವ ಮುನ್ನವೇ ಇಳಿಸಬಾರದು, ಅಷ್ಟೆ. ಆರಿದ ನೀರನ್ನು ಮುಚ್ಚಿಡಿ. ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ, ಲೋಟ ಹಿಡಿದ ಕೈಯನ್ನು ಒಳಗೆ ಮುಳುಗಿಸಬೇಡಿ.

6. ಅರಿಶಿನದ ಕೈ

ಬೇಕಾದವು: ಕೊಬ್ಬರಿ ಎಣ್ಣೆ, ಅರಿಶಿನ ಪುಡಿ, ಸಾಬೂನು, ನಿಂಬೆ ಹೋಳು. ಹಳೆಯ ಬಟ್ಟೆ ಹಾಕಿಕೊಂಡು ಮಾಡಿ, ಕಲೆ ಬೇಗ ಹೋಗುವುದಿಲ್ಲ.

ಇಬ್ಬರು ಮಕ್ಕಳ ಕೈಗಳಿಗೆ ಅರ್ಧ ಚಮಚ ಎಣ್ಣೆ, ಚಿಟಿಕೆ ಅರಿಶಿನ ಹಾಕಿ ಎಲ್ಲ ಕಡೆ ತಿಕ್ಕಿಸಿ. ಒಬ್ಬರು ಬರೀ ನೀರಿನಲ್ಲಿ, ಇನ್ನೊಬ್ಬರು ಸಾಬೂನಿನಿಂದ, ಇಪ್ಪತ್ತರವರೆಗೆ ನಿಧಾನವಾಗಿ ಎಣಿಸುತ್ತಾ ತೊಳೆಯಲಿ. ನೀರಿನ ಕೈಯಲ್ಲಿ ಜಿಡ್ಡು ಹಾಗೆಯೇ ಇರುತ್ತದೆ. ಸಾಬೂನಿನ ಕೈ ಬಹುಮಟ್ಟಿಗೆ ಸ್ವಚ್ಛ, ಆದರೆ ಹೆಬ್ಬೆರಳ ಬುಡ, ಬೆರಳುಗಳ ಸಂದು, ಉಗುರಿನ ಕೆಳಗೆ ಬಣ್ಣ ಉಳಿದಿರುತ್ತದೆ. ನಾವು ದಿನವೂ ತಪ್ಪಿಸುವ ಜಾಗಗಳೇ ಅವು.

ಸಾಬೂನಿನ ಕಣಕ್ಕೆ ಎರಡು ತುದಿ. ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ಹೀಗೆ ಜಿಡ್ಡನ್ನೂ ಅದಕ್ಕಂಟಿದ ರೋಗಾಣುವನ್ನೂ ನೀರಿನ ಜೊತೆ ಎಳೆದೊಯ್ಯುತ್ತದೆ. ತೊಳೆಯುವಾಗ ಹಳದಿ ಕೆಂಪಾದದ್ದನ್ನು ಮಕ್ಕಳು ಖಂಡಿತ ಗಮನಿಸುತ್ತಾರೆ. ಸಾಬೂನಿನ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ. ನಿಂಬೆ ಹೋಳು ಉಜ್ಜಿದರೆ ಮತ್ತೆ ಹಳದಿ.

ಹಿಂದಕ್ಕೆ ಬಾರದ ಬದಲಾವಣೆಯೂ ಉಂಟು. ಮತ ಹಾಕಿ ಬಂದ ಅಬ್ಬಾನ ಎಡಗೈ ತೋರುಬೆರಳಿನ ಗುರುತನ್ನು ನೆನಪಿಸಿ. ಆ ಶಾಯಿ ತಯಾರಾಗುವುದು ನಮ್ಮ ಊರಲ್ಲೇ, 1937ರಲ್ಲಿ ಸ್ಥಾಪನೆಯಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. 1962ರ ಮಹಾಚುನಾವಣೆಯಿಂದ ಅದು ಬಳಕೆಯಲ್ಲಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಂದಿಗೆ ಸೇರಿ, ಬೆಳಕಿಗೆ ಕಪ್ಪಾಗುತ್ತದೆ. ಯಾವ ಸಾಬೂನಿಗೂ ಜಗ್ಗುವುದಿಲ್ಲ. ಚರ್ಮ, ಉಗುರು ಬೆಳೆದು ಹೊಸದಾದಾಗಲೇ ಹೋಗುತ್ತದೆ.

ದಿನಕ್ಕೆ ಐದು ಸಲ ವುಝೂ ಮಾಡುವ ಮನೆಯಲ್ಲಿ ಕೈಗೆ ನೀರು ಸೋಕುವ ರೂಢಿ ಆಗಲೇ ಇದೆ. ಆ ರೂಢಿಯ ಜೊತೆಗೆ ಸಾಬೂನಿನ ಹೊತ್ತುಗಳನ್ನೂ ಸೇರಿಸಿ: ಶೌಚದ ನಂತರ, ಕೂಸಿನ ಮಲ ತೊಳೆದ ನಂತರ, ಮಾಂಸ ಹೆಚ್ಚಿದ ನಂತರ, ಅಡುಗೆಗೆ ಮುನ್ನ, ದಸ್ತರ್‌ಖಾನ್ ಮುಂದೆ ಕೂರುವ ಮುನ್ನ. ಒಂದೇ ತಟ್ಟೆಯಲ್ಲಿ ನಾಲ್ವರು ಕೈಯಿಟ್ಟು ಉಣ್ಣುವಾಗ ಒಬ್ಬರ ಕೈ ನಾಲ್ವರಿಗೂ ಸಂಬಂಧಿಸಿದ್ದು.

7. ಮಟ್ಟ ಚಮಚ, ಗೋಪುರ ಚಮಚ

ಬೇಕಾದವು: ಟೀ ಚಮಚ, ಸಕ್ಕರೆ, ಉಪ್ಪು, ಒಂದು ಲೀಟರಿನ ಬಾಟಲಿ, ಕಾಯಿಸಿ ಆರಿಸಿದ ನೀರು.

ಸಕ್ಕರೆಯನ್ನು ಗೋಪುರದಂತೆ ತುಂಬಿದ ಒಂದು ಚಮಚ ತೆಗೆದು ತಟ್ಟೆಗೆ ಹಾಕಿ. ಅದರಿಂದ ಎಷ್ಟು ಮಟ್ಟ ಚಮಚ ಆಗುತ್ತದೆಂದು ಮಗು ಅಳೆಯಲಿ. ಪ್ರತಿ ಸಲ ಚಾಕುವಿನ ಬೆನ್ನಿನಿಂದ ಮೇಲನ್ನು ಸವರಬೇಕು. ಒಂದಕ್ಕಿಂತ ಹೆಚ್ಚೇ ಬರುತ್ತದೆ. ಎರಡೂ "ಒಂದು ಚಮಚ", ಆದರೆ ಒಳಗಿನ ದ್ರವ್ಯ ಬೇರೆ ಬೇರೆ ಎಂದು ಅದಕ್ಕೆ ತಿಳಿಯುತ್ತದೆ.

ಇದು ಆಟಕ್ಕಷ್ಟೇ ಅಲ್ಲ. ಭೇದಿಯಾದಾಗ ಮೈಯಿಂದ ನೀರು ಮಾತ್ರವಲ್ಲ, ಅದರಲ್ಲಿ ಕರಗಿದ ಲವಣವೂ ಹೋಗುತ್ತದೆ. ಅದಕ್ಕೇ ಬರೀ ನೀರು ಸಾಲದು. ಓಆರ್‌ಎಸ್ ಪೊಟ್ಟಣ ಇದ್ದರೆ ಅದೇ ಉತ್ತಮ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪುಡಿ ಹಾಕಿ. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು. ಕರುಳಿನಲ್ಲಿ ಸಕ್ಕರೆ ತನ್ನೊಂದಿಗೆ ಉಪ್ಪನ್ನೂ ನೀರನ್ನೂ ಒಳಕ್ಕೆ ಕರೆದೊಯ್ಯುತ್ತದೆ. ಉಪ್ಪು ಹೆಚ್ಚಾದರೆ ಮಗುವಿನ ಜೀವಕ್ಕೇ ಅಪಾಯ, ಸಕ್ಕರೆ ಹೆಚ್ಚಾದರೆ ಭೇದಿಯೇ ಹೆಚ್ಚುತ್ತದೆ. ಕೊಡುವ ಮುನ್ನ ರುಚಿ ನೋಡಿ: ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಮಾಡಿ.

ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ, ಚಮಚ ಚಮಚವಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ. ಎದೆಹಾಲು ನಿಲ್ಲಿಸಬೇಡಿ. ಅಂಗಡಿಯ ಹಣ್ಣಿನ ಪಾನೀಯ, ಸೋಡಾ ಇದಕ್ಕೆ ಬದಲಿಯಲ್ಲ. ಆರು ತಿಂಗಳೊಳಗಿನ ಕೂಸಿಗೆ ಭೇದಿಯಾದರೆ, ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಕುಡಿಯಲಾರದಾದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯಲ್ಲೂ ಮಗು ಕುಡಿಯುವಂತಿದ್ದರೆ ಕುಡಿಸುತ್ತಿರಿ.

ಮಕ್ಕಳಿಗೆ ಪ್ರಶ್ನೆಗಳು

1. ಬೋರಲು ಲೋಟವನ್ನು ವಾಲಿಸಿದಾಗ ಹೊರಬಂದ ಗುಳ್ಳೆಗಳಲ್ಲಿ ಏನಿತ್ತು?
2. ಅತ್ತರಿನ ಪರಿಮಳ ಎಲ್ಲರಿಗೂ ಒಂದೇ ಸಲ ಏಕೆ ತಲುಪಲಿಲ್ಲ?
3. ಬಟ್ಟೆಯಲ್ಲಿ ಸೋಸಿದಾಗ ಮಣ್ಣು ಸಿಕ್ಕಿಬಿತ್ತು, ಉಪ್ಪು ಏಕೆ ಸಿಗಲಿಲ್ಲ?
4. ಅರಿಶಿನದ ಕೆಂಪು ಮತ್ತೆ ಹಳದಿಯಾಯಿತು. ಮತದಾನದ ಶಾಯಿ ಏಕೆ ಅಳಿಯಲಿಲ್ಲ?
5. ಗ್ಯಾಸಿನ ವಾಸನೆ ಬಂದಾಗ ನೀವು ಮೊದಲು ಮಾಡುವುದೇನು, ಮಾಡಬಾರದ್ದೇನು?

ಏಳನ್ನೂ ಒಂದೇ ದಿನ ಮುಗಿಸಬೇಡಿ. ವಾರಕ್ಕೊಂದು, ಭಾನುವಾರ ಬೆಳಿಗ್ಗೆ ಅಥವಾ ಮದ್ರಸಾ ಮುಗಿದ ಸಂಜೆ ಸಾಕು. ಅಕ್ಕಪಕ್ಕದ ಮಕ್ಕಳನ್ನೂ ಕರೆಯಿರಿ. ದಾದಿ, ನಾನಿ ಇದ್ದರೆ ಅವರನ್ನೂ ಕೂರಿಸಿಕೊಳ್ಳಿ. ಪಟಿಕದ ಬಗ್ಗೆ ಅವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ. ಏಳು ವಾರಗಳ ನಂತರ ಖಾಲಿ ಲೋಟದಲ್ಲಿ ಏನಿದೆ ಎಂದು ಮತ್ತೊಮ್ಮೆ ಕೇಳಿ, ಉತ್ತರವನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಸಿಡಿ.